ಹಲಗಿ ಯಾರದು, ಹೆಸರು ಯಾರದು?

ಕಲಬುರಗಿಯ ವಿಚಾರ ಸಂಕಿರಣಗಳಲ್ಲಿ, ಕಾಲೇಜುಗಳ ಜಾನಪದ ಉತ್ಸವಗಳಲ್ಲಿ ಈಗೊಂದು ಹೊಸ ಮಾತು ಚಲಾವಣೆಗೆ ಬಂದಿದೆ. ಪಾರಂಪರಿಕ ಕಲೆ ಮತ್ತು ಡಿಜಿಟಲ್ ಮಾಧ್ಯಮದ ನಡುವೆ ಸಮತೋಲನ ಸಾಧಿಸಬೇಕು ಎನ್ನುವುದು ಆ ಮಾತು. ಕೇಳಲಿಕ್ಕೆ ಚೆಂದ. ಒಂದು ಪರಡಿಯಲ್ಲಿ ಕಲೆ, ಇನ್ನೊಂದು ಪರಡಿಯಲ್ಲಿ ಮೊಬೈಲು, ಎರಡೂ ಸಮ ತೂಗಬೇಕು. ನಾವು ಕೇಳುವುದು ಒಂದೇ: ತಕ್ಕಡಿ ಹಿಡಿದವರು ಯಾರು? ತೊಗರಿ ಚೀಲ ಹೊತ್ತು ಅಡತಿ ಅಂಗಡಿಯ ಮುಂದೆ ನಿಂತವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಮತೋಲನದ ಮಾತಾಡುವವರು ಪರಂಪರೆ ಎಂದರೆ ಎಲ್ಲರಿಗೂ ಒಂದೇ ಅರ್ಥ ಎಂದು ತಿಳಿದಿದ್ದಾರೆ. ಮೇಲಿನ ಕೇರಿಗೆ ಪರಂಪರೆ ಎಂದರೆ ಅಜ್ಜನಿಂದ ಬಂದ ಆಸ್ತಿ. ನಮಗೆ ಅದು ಅಜ್ಜನಿಂದ ಬಂದ ಬಿಟ್ಟಿ ಚಾಕ್ರಿ. ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದು ಕಮಲಾಪುರದ ಕಡೆ ಬನ್ನಿ. ಸುತ್ತಿನ ಹಳ್ಳಿಗಳ ಕೇರಿಯಲ್ಲಿ ಯಾವ ಮುತ್ಯಾನನ್ನು ಬೇಕಾದರೂ ಕೇಳಿ. ಊರಾಗ ದೊಡ್ಡವರು ಸತ್ರ ಹಲಗಿ. ದೇವರ ಪಲ್ಲಕ್ಕಿ ಎದ್ರ ಹಲಗಿ. ಚಾವಡಿ ಸುದ್ದಿ ಸಾರಬೇಕಾದ್ರ ಹಲಗಿ. ಬಾರಿಸಿದವನಿಗೆ ದೂರದಿಂದ ಸುರಿದ ಸೇರು ಜೋಳ, ಮಿಕ್ಕ ರೊಟ್ಟಿ. ಪಲ್ಲಕ್ಕಿ ಗುಡಿಯೊಳಗೆ ಹೋಗುತ್ತಿತ್ತು, ಹಲಗಿ ಹೊರಗೇ ನಿಲ್ಲುತ್ತಿತ್ತು. ಬರಂಗಿಲ್ಲ ಅಂದವನಿಗೆ ಕೂಲಿಯೂ ಇಲ್ಲ, ಕಿರಾಣಿಯೂ ಇಲ್ಲ. 1976ರಲ್ಲಿ ಜೀತ ನಿಷೇಧದ ಕಾನೂನು ಬಂತು. 1989ರ ದೌರ್ಜನ್ಯ ತಡೆ ಕಾನೂನು ಬಿಟ್ಟಿ ಮಾಡಿಸುವುದನ್ನು ಅಪರಾಧ ಎಂದಿತು. ಕಾನೂನು ಪುಸ್ತಕದಿಂದ ಕೇರಿಗೆ ನಡೆದು ಬರಲು ಎಷ್ಟು ವರ್ಷ ಬೇಕಾಯಿತು ಎಂಬುದನ್ನು ಓದುಗರೇ ತಮ್ಮ ತಮ್ಮ ಊರು ನೋಡಿ ಹೇಳಲಿ.

ಆದ್ದರಿಂದ ಹಲಗಿಯ ಬಗ್ಗೆ ನಮ್ಮ ಕೇರಿಗಳಲ್ಲಿ ಎರಡು ನಿಲುವುಗಳು ಹುಟ್ಟಿದವು. ಒಂದು, ಹಲಗಿಯನ್ನು ಕೆಳಗಿಡು, ಇದು ನಿನ್ನ ಕುತ್ತಿಗೆಗೆ ಕಟ್ಟಿದ ಜಾತಿ ಎನ್ನುವುದು. ಇನ್ನೊಂದು, ಹಲಗಿಯನ್ನು ಕೈಯಲ್ಲೇ ಇಟ್ಟುಕೋ, ಅದು ನಿಲ್ಲುವ ಜಾಗ ಬದಲಿಸು ಎನ್ನುವುದು. 1970ರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಾಗ, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದಾಗ ಈ ಎರಡನೆಯ ನಿಲುವಿಗೆ ಕಸುವು ಬಂತು. ಗೌಡರ ಮನೆಯ ಹೆಣದ ಮುಂದೆ ಬಾರಿಸುತ್ತಿದ್ದ ವಾದ್ಯ ಕಚೇರಿಗಳ ಮುಂದೆ ಬಾರಿಸತೊಡಗಿತು. ಪಕ್ಕದ ಮಹಾರಾಷ್ಟ್ರದಲ್ಲಿ ಇದಕ್ಕೂ ಮೊದಲೇ ಮಾಂಗ ಸಮುದಾಯದ ಅಣ್ಣಾಭಾವು ಸಾಠೆ ತಮಾಶಾದ ಒಡಲಿನಿಂದಲೇ ದುಡಿಯುವವರ ಲೋಕನಾಟ್ಯವನ್ನು ತೆಗೆದಿದ್ದರು. ವಾದ್ಯ ಅದೇ, ಧಾಟಿ ಅದೇ. ಯಾರ ಅಪ್ಪಣೆಯ ಮೇಲೆ ಬಾರಿಸುತ್ತೇವೆ ಎನ್ನುವುದು ಬದಲಾಗಿತ್ತು. ಕಲೆಯ ಬಗ್ಗೆ ನಮ್ಮ ವಿಮರ್ಶೆಯ ಅಳತೆಗೋಲು ಇದೇ. ಮೊಬೈಲನ್ನೂ ಇದರಿಂದಲೇ ಅಳೆಯೋಣ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಕೂಲಿಗೆ ಹೋಗುವ ಹುಡುಗನ ಜೇಬಿಗೂ ಇಂಟರ್ನೆಟ್ಟು ಬಂತು. ಮೊದಲು ಟಿಕ್‌ಟಾಕ್. 2020ರ ಜೂನಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿದ ಮೇಲೆ ರೀಲ್ಸು, ಯೂಟ್ಯೂಬಿನ ಶಾರ್ಟ್ಸು. ಇವತ್ತು ಅಲಾಯಿ ಕುಣಿತ, ರಿವಾಯತ್ ಪದ, ಗೀಗಿ ಪದ, ತತ್ವಪದದ ಭಜನಿ, ಹಲಗಿ ಮೇಳ ಎಲ್ಲವೂ ಆ ಅಂಗೈಯಗಲದ ಗಾಜಿನೊಳಗೆ ಸಿಗುತ್ತವೆ. ಈ ವಿಡಿಯೊಗಳನ್ನು ನಮ್ಮ ವಿಮರ್ಶಕರು ಇನ್ನೂ ವಿಮರ್ಶೆಗೆ ತಕ್ಕ ವಸ್ತು ಎಂದು ತಿಳಿದಿಲ್ಲ. ಕಾವ್ಯಕ್ಕೆ ಸಾವಿರ ಪುಟ, ಕೇರಿಯ ವಿಡಿಯೊಕ್ಕೆ ಒಂದು ಸಾಲಿಲ್ಲ. ಆದರೆ ನಮ್ಮ ಜನ ನೋಡುತ್ತಿರುವುದು ಇವನ್ನೇ.

ನಾವು ನೋಡಿದ ಹಲಗಿ ವಿಡಿಯೊಗಳಲ್ಲಿ ಮೂರು ಜಾತಿ ಇವೆ.

ಮೊದಲನೆಯದು ದಾರಿಹೋಕರ ವಿಡಿಯೊ. ಕಾರು ನಿಲ್ಲಿಸಿ, ಜಾತ್ರೆಯ ಹಲಗಿಯನ್ನು ಅರ್ಧ ನಿಮಿಷ ಹಿಡಿದು, ಮೇಲೆ 'ನಮ್ಮ ಮಣ್ಣಿನ ಸೊಗಡು' ಎಂದು ಬರೆಯುವುದು. ಇದರಲ್ಲಿ ಕೈ ಕಾಣುತ್ತದೆ, ಕೋಲು ಕಾಣುತ್ತದೆ, ಕುಣಿಯುವ ಕಾಲು ಕಾಣುತ್ತದೆ. ಮುಖ ನಿಲ್ಲುವುದಿಲ್ಲ, ಹೆಸರಂತೂ ಇಲ್ಲವೇ ಇಲ್ಲ. ಮಣ್ಣಿಗೆ ಸೊಗಡು ಬಂದದ್ದು ಯಾರ ಬೆವರಿನಿಂದ ಎಂಬುದನ್ನು ಈ ವಿಡಿಯೊ ಕೇಳುವುದಿಲ್ಲ.

ಎರಡನೆಯದು ಸ್ಟುಡಿಯೊ ಮಾಲು. ಇಲ್ಲಿ ಹಲಗಿಯವನೇ ಬೇಕಿಲ್ಲ. ಒಮ್ಮೆ ಹಿಡಿದಿಟ್ಟ ಪೆಟ್ಟನ್ನು ಕೀಬೋರ್ಡಿನ ಪ್ಯಾಡಿಗೆ ತುಂಬಿ ಸಾವಿರ ಸಲ ಬಾರಿಸಬಹುದು. ಆ ಪೆಟ್ಟಿಗೆ ಸುಸ್ತಿಲ್ಲ, ಹಸಿವಿಲ್ಲ. ಪದಗಳು ಬಹುಪಾಲು ಒಂದೇ ತರಹ: ಹುಡುಗಿ ಕೈಕೊಟ್ಟಳು, ಹುಡುಗಿ ಹಾಳಾದಳು. ಇದಕ್ಕೆ ಜಾನಪದ ಎಂದು ಹೆಸರು. ಬೀಸುವ ಕಲ್ಲಿನ ಮುಂದೆ ಕೂತು ಪದ ಕಟ್ಟಿದ ಹೆಣ್ಣುಮಕ್ಕಳ ಜಾನಪದವನ್ನು ತೆಗೆದುಕೊಂಡು, ಅದೇ ಹೆಣ್ಣುಮಕ್ಕಳ ಮೇಲೆ ಉಗುಳುವ ಮಾಲು ಇದು. ಕೇರಿಯ ಹುಡುಗರೇ ಇದಕ್ಕೆ ಕುಣಿಯುತ್ತಾರೆ ಎಂಬ ಕಾರಣಕ್ಕೆ ಇದನ್ನು ನಾವು ಬಿಟ್ಟುಕೊಡುವುದಿಲ್ಲ. ಏಪ್ರಿಲ್ 14ರಂದು ಕಲಬುರಗಿಯ ಜಗತ್ ವೃತ್ತದಲ್ಲಿ ಬಾಬಾಸಾಹೇಬರ ಪ್ರತಿಮೆಯ ಮುಂದೆ ಡಿಜೆ ಪೆಟ್ಟಿಗೆಗಳು ಗೋಡೆಯಂತೆ ನಿಂತಾಗ, ಅವುಗಳ ಹಿಂದೆ ಹಲಗಿಯವನು ಕೈಕಟ್ಟಿ ನಿಂತಿರುತ್ತಾನೆ. ಅವನ ಹಬ್ಬದಲ್ಲಿ ಅವನಿಗೆ ಕೆಲಸವಿಲ್ಲ.

ಮೂರನೆಯದು ಕೇರಿಯ ಹುಡುಗರು ತಾವೇ ಮಾಡುವ ವಿಡಿಯೊ. ಬೆಳಕು ಕಡಿಮೆ, ದನಿ ಒಡಕು, ನಡುವೆ ಯಾರೋ ಅಡ್ಡ ಬರುತ್ತಾರೆ, ಹಿಂದೆ ಕೋಳಿ ಕೂಗುತ್ತದೆ. ಆದರೆ ಇಲ್ಲಿ ಬಾರಿಸುವವನು ಮೊಬೈಲು ಹಿಡಿದವನನ್ನು ನೋಡಿ ನಗುತ್ತಾನೆ. ಅವನು ಕಾಕಾ, ಇವನು ಅಣ್ಣನ ಮಗ. 'ಕಾಕಾ, ಇನ್ನೊಂದ್ ಏಟು ಹಾಕ್ ನೋಡಮ್' ಎನ್ನುವ ದನಿಯೂ ಸೇರಿಕೊಂಡಿರುತ್ತದೆ. ಅಪ್ಪಣೆ ಇಲ್ಲ, ಸಲಿಗೆ ಇದೆ. ಕಲೆಯ ಲೆಕ್ಕದಲ್ಲಿ ಇದನ್ನೇ ನಾವು ಮೇಲೆ ಇಡುತ್ತೇವೆ. ನಮ್ಮ ಮಾಧ್ಯಮ ಹುಟ್ಟುವುದಾದರೆ ಇಲ್ಲಿಂದಲೇ ಹುಟ್ಟಬೇಕು.

ಮೊಬೈಲು ಹಲಗಿಗೆ ಏನು ಮಾಡುತ್ತದೆ ಎಂಬುದನ್ನೂ ನೋಡಬೇಕು. ತೊಗಲಿನ ಹಲಗಿಯನ್ನು ಬೆಂಕಿಗೆ ಕಾಸಬೇಕು. ತೊಗಲು ಬಿಗೀತದ, ದನಿ ಏಳ್ತದ. ತಂಪು ಹೊತ್ತಿನಲ್ಲಿ ಸಡಿಲಾದರೆ ಮತ್ತೆ ಬೆಂಕಿ. ಒಂದು ಕೈಯಲ್ಲಿ ಸಪೂರ ಕಡ್ಡಿ, ಇನ್ನೊಂದರಲ್ಲಿ ದಪ್ಪ ಕೋಲು. ನಿಧಾನಕ್ಕೆ ಶುರುವಾಗಿ, ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಹಿಡಿದು, ಜನರ ಕಾಲು ಎದ್ದ ಮೇಲೆ ಲಯ ಏರುತ್ತದೆ. ಮಾತು ಹಿಡಿಯಲಿಕ್ಕೆಂದು ಮಾಡಿದ ಮೊಬೈಲಿನ ಮೈಕು ಜೋರು ಪೆಟ್ಟು ಬಿದ್ದ ಕೂಡಲೇ ದನಿಯನ್ನು ತಾನೇ ಅದುಮುತ್ತದೆ. ಹಲಗಿಯ ಎದೆಯ ದನಿ ಅದರ ಸಣ್ಣ ಸ್ಪೀಕರಿನಿಂದ ಹೊರಗೆ ಬರುವುದೇ ಇಲ್ಲ. ಉಳಿಯುವುದು ಟಕಟಕ ಮಾತ್ರ. ಜೊತೆಗೆ ಮೊದಲ ಮೂರು ಸೆಕೆಂಡಿನಲ್ಲೇ ನೋಡುವವನನ್ನು ಹಿಡಿಯಬೇಕು ಎನ್ನುವ ಹೊಸ ವ್ಯಾಕರಣ ಬಂದಿದೆ. ಅಂದರೆ ಕಾಸುವುದು ಬೇಡ, ಏರುವುದು ಬೇಡ, ಶುರುವಾಗುವಾಗಲೇ ತುದಿಯಲ್ಲಿರಬೇಕು. ಹೀಗೆ ಕಲಿತ ಹುಡುಗನಿಗೆ ತುದಿ ಗೊತ್ತು, ದಾರಿ ಗೊತ್ತಿಲ್ಲ.

ಹಾಡಿಗೂ ಇದೇ ಗತಿ. ಹರದೇಶಿ–ನಾಗೇಶಿ ಎಂದರೆ ಸವಾಲು–ಜವಾಬು. ಒಬ್ಬರು ಗಂಡಿನ ಪಕ್ಷ, ಒಬ್ಬರು ಹೆಣ್ಣಿನ ಪಕ್ಷ ಹಿಡಿದು ರಾತ್ರಿಯಿಡೀ ವಾದಿಸುತ್ತಾರೆ. ಅರ್ಧ ನಿಮಿಷದ ತುಂಡಿನಲ್ಲಿ ಸವಾಲು ಮಾತ್ರ ಬರುತ್ತದೆ, ಜವಾಬು ಕತ್ತರಿಸಿ ಹೋಗುತ್ತದೆ. ಜವಾಬಿಲ್ಲದ ಸವಾಲು ಬೈಗುಳವಾಗುತ್ತದೆ. ತತ್ವಪದವನ್ನು ನೋಡಿ. ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲಸಾಬ, ಈ ಪರಂಪರೆಯಲ್ಲಿ ಪದ ಕಟ್ಟಿದವರ ಅಂಕಿತ ಸಾಮಾನ್ಯವಾಗಿ ಕೊನೆಯ ನುಡಿಯಲ್ಲಿ ಬರುತ್ತದೆ. ತುಂಡು ವಿಡಿಯೊದಲ್ಲಿ ಮೊದಲು ಹೋಗುವುದು ಆ ಕೊನೆಯ ನುಡಿಯೇ. ಹಾಡು ಉಳಿದು ಹಾಡಿದವನ ಗುರುತು ಅಳಿಯುವುದು ಎಂದರೆ ಇದು.

ಇಷ್ಟು ಹೇಳಿದ ಕೂಡಲೇ ಕೆಲವರಿಗೆ ಖುಷಿಯಾಗಬಹುದು. ನೋಡ್ರಿ, ಮೊಬೈಲಿನಿಂದ ಕಲೆ ಕೆಟ್ಟಿತು ಅಂತ ನಾವು ಮೊದಲೇ ಹೇಳಿದ್ದೆವು ಎನ್ನಬಹುದು. ಅವರ ಜೊತೆ ನಾವಿಲ್ಲ. ಕಲೆಯನ್ನು ಶುದ್ಧವಾಗಿ ಇಡಬೇಕು ಎನ್ನುವ ಮಾತು ನಮ್ಮ ಕಿವಿಗೆ ಮಡಿಯ ಮಾತಿನ ಹಾಗೆ ಕೇಳುತ್ತದೆ. ತೊಗಲಿನ ಬದಲು ಫೈಬರ್ ಹಾಳೆಯ ಹಲಗಿ ಬಂದಿದೆ. ಪಂಡಿತರು ಅದನ್ನು ಕಂಡು ನಿಟ್ಟುಸಿರು ಬಿಡುತ್ತಾರೆ. ಮಳೆಯಲ್ಲಿ ನೆನೆಯದ, ಬೆಂಕಿ ಬೇಡದ, ಸತ್ತ ದನದ ನೆನಪು ತರದ ಹಲಗಿಯನ್ನು ನಮ್ಮ ಹುಡುಗ ಇಷ್ಟಪಟ್ಟರೆ ಅವನನ್ನು ಹಳಿಯಲು ನಾವು ಸಿದ್ಧರಿಲ್ಲ. ನಮಗೆ ಕಾಣುವ ಸಂಗತಿ ಬೇರೆ. ಚರ್ಮ ಹೋದ ಮೇಲೆ ಹಲಗಿಗೆ ಮೈಲಿಗೆಯೂ ಹೋಯಿತು. ಈಗ ಎಲ್ಲ ಜಾತಿಯ ಹುಡುಗರೂ ಮೆರವಣಿಗೆಯಲ್ಲಿ ಅದನ್ನು ಕೊರಳಿಗೆ ಹಾಕಿಕೊಂಡು ವಿಡಿಯೊ ಮಾಡಿಸಿಕೊಳ್ಳುತ್ತಾರೆ. ಹಲಗಿಯನ್ನು ಊರು ಮುಟ್ಟಿತು. ಹಲಗಿಯವನನ್ನು?

ಯಂತ್ರದಿಂದಲೇ ಕಲೆ ಕೆಡುವುದಿಲ್ಲ ಎನ್ನಲು ಕಲಬುರಗಿಯಲ್ಲೇ ಸಾಕ್ಷಿ ಇದೆ. 1916ರಲ್ಲಿ ಇಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು ಬರೆದರು, ಕ್ಯಾಲೆಂಡರಿನ ಚಿತ್ರ ಬರೆದರು. ಅಚ್ಚಿನ ಯಂತ್ರ ಅವರ ಚಿತ್ರವನ್ನು ಗುಡಿಸಲಿನ ಗೋಡೆಗೂ ತಂದಿತು. ಕ್ಯಾಲೆಂಡರ್ ಕಲೆ ಎಂದು ಮೂಗು ಮುರಿದವರು ಆಗಲೂ ಇದ್ದರು. ಇವತ್ತು ಅವರ ಹೆಸರಿನ ರಂಗಮಂದಿರ ನಗರದ ನಡುವೆ ನಿಂತಿದೆ. ಚಿತ್ರ ಎಷ್ಟು ಸಾವಿರ ಪ್ರತಿಯಾದರೂ ಅದರ ಮೂಲೆಯಲ್ಲಿ ಅವರ ಸಹಿ ಇತ್ತು ಎನ್ನುವುದು ನಮಗೆ ಇಲ್ಲಿ ಮುಖ್ಯ. ಹಾಗೆಯೇ 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂತು. ಆಕಾಶವಾಣಿಯ ಆಯ್ಕೆಯಲ್ಲಿ, ದರ್ಜೆಗಳಲ್ಲಿ ಏನು ತಕರಾರು ಇದ್ದರೂ ಒಂದು ಪದ್ಧತಿ ಚಲೋ ಇತ್ತು. ಪದ ಶುರುವಾಗುವ ಮೊದಲು ಹಾಡುವವರ ಹೆಸರು, ಊರು ಹೇಳುತ್ತಿದ್ದರು, ಮುಗಿದ ಮೇಲೆ ಸಂಭಾವನೆ ಕೊಡುತ್ತಿದ್ದರು. ಹೊಲದಲ್ಲಿ ಟ್ರಾನ್ಸಿಸ್ಟರ್ ಕೇಳುತ್ತಿದ್ದ ಕೂಲಿಯವರಿಗೆ, ಇಂಥ ಊರಿನ ಇಂಥವರು ಎಂದು ತಮ್ಮವರ ಹೆಸರು ಗಾಳಿಯಲ್ಲಿ ಕೇಳುವುದು ಸಣ್ಣ ಸಂಗತಿಯಾಗಿರಲಿಲ್ಲ. ಅಂಗೈಯಲ್ಲಿ ಕ್ಯಾಮೆರಾ ಇರುವ ಈ ಕಾಲದಲ್ಲಿ ಆ ಒಂದು ಸಾಲನ್ನೇ ಬಿಟ್ಟುಬಿಟ್ಟರು.

ಜಾನಪದಕ್ಕೆ ಕರ್ತೃವೇ ಇಲ್ಲ, ಹೆಸರು ಯಾಕೆ ಎಂದು ಕೇಳುವ ವಿದ್ವಾಂಸರಿದ್ದಾರೆ. ಕಟ್ಟಿದವರ ಹೆಸರು ಇಲ್ಲದಿರಬಹುದು. ಈ ರಾತ್ರಿ, ಈ ಕಟ್ಟೆಯ ಮೇಲೆ, ಗಂಟಲು ಹರಿದುಕೊಂಡು ಹಾಡಿದವರಿಗೆ ಹೆಸರಿದೆ. ಅನಾಮಿಕತೆ ನಮ್ಮ ಹಿರಿಯರ ವಿನಯ ಎಂದು ಬರೆಯುವವರು ಗುಡಿಯ ಕಲ್ಲುಗಳನ್ನು ಓದಲಿ. ದಾನ ಕೊಟ್ಟವನ ಹೆಸರು ಕಲ್ಲಿನಲ್ಲಿದೆ. ಕಲ್ಲು ಹೊತ್ತವನ ಹೆಸರು ಎಲ್ಲಿದೆ?

ನಮ್ಮ ಗೆಳೆಯರೊಬ್ಬರ ಮೇಳವನ್ನು ಒಂದು ಚಾನೆಲ್ಲಿನವರು ಬಂದು ರೆಕಾರ್ಡು ಮಾಡಿಕೊಂಡು ಹೋದರು. ಚಾ ಕುಡಿಸಿದರು, ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು. ವಿಡಿಯೊ ಲಕ್ಷಗಟ್ಟಲೆ ಜನ ನೋಡಿದರು. ನಮ್ಮ ಹೆಸರ ಹಾಕ್ರಿ ಸರ ಎಂದು ಗೆಳೆಯರು ಫೋನು ಮಾಡಿದರೆ ಬಂದ ಉತ್ತರ: 'ನಿಮ್ಮ ಕಲಾ ಇಡೀ ದುನಿಯಾಕ್ಕ ಮುಟ್ಟಸ್ಲತ್ತೀವಿ, ಅದಕ್ಕಿಂತ ದೊಡ್ಡದು ಯಾನ್ ಬೇಕು ತಮ್ಮಾ?' ಹಿಂದಿನವರು ದೇವರ ಸೇವೆ ಎಂದು ಬಿಟ್ಟಿ ದುಡಿಸಿದರು. ಇವರು ಕಲೆಯ ಸೇವೆ ಎನ್ನುತ್ತಾರೆ.

ಇದು ಒಂದು ಕೇರಿಯ ಕತೆ ಎಂದು ತಿಳಿಯಬಾರದು. 2021ರ ಮಾರ್ಚಿನಲ್ಲಿ ತಮಿಳಿನ 'ಎಂಜಾಯ್ ಎಂಜಾಮಿ' ಬಂತು. ದಲಿತ ಸಮುದಾಯದ ಅರಿವು ಬರೆದು, ಧೀ ಜೊತೆ ಹಾಡಿದ ಹಾಡು. ಸಿಂಹಳದ ಚಹಾ ತೋಟಗಳಲ್ಲಿ ದುಡಿದ ಅಜ್ಜಿ ವಳ್ಳಿಯಮ್ಮಾಳ್ ಹೇಳಿದ ಕತೆಗಳು ಅದರ ಬೇರು. ಕೋಟಿಗಟ್ಟಲೆ ಜನ ನೋಡಿದರು. ಅದೇ ವರ್ಷದ ಆಗಸ್ಟಿನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಪತ್ರಿಕೆಯ ಮುಖಪುಟದಲ್ಲಿ ಈ ಹಾಡಿನ ಹೆಸರಿನಲ್ಲಿ ಬೇರೆಯವರ ಚಿತ್ರ ಬಂತು, ಬರೆದ ಅರಿವು ಅಲ್ಲಿರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಪ್ರಶ್ನಿಸಿದರು. ಹಾಡಿಗೆ ಸಂಗೀತ ಕೊಟ್ಟ ಸಂತೋಷ್ ನಾರಾಯಣನ್ ಅವರೇ 2024ರಲ್ಲಿ, ಈ ಹಾಡಿನಿಂದ ತಮಗೆ ಹಣ ಬಂದಿಲ್ಲ ಎಂದು ಹೇಳಿಕೊಂಡರು. ಇಡೀ ಜಗತ್ತು ನೋಡಿದರೂ ಹೆಸರು ಜಾರುತ್ತದೆ, ದುಡ್ಡು ಜಾರುತ್ತದೆ. ಜಗತ್ತು ನೋಡಿದರೆ ಸಾಕು ಎನ್ನುವವರಿಗೆ ಇದು ಉತ್ತರ.

ದುಡ್ಡಿನ ಲೆಕ್ಕವನ್ನು ನಮ್ಮ ಹುಡುಗರು ಸರಿಯಾಗಿ ತಿಳಿಯಬೇಕು. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ಜನ ನೋಡಿರಬೇಕು, ಇಲ್ಲವೆ 90 ದಿನದಲ್ಲಿ ಶಾರ್ಟ್ಸುಗಳಿಗೆ 1 ಕೋಟಿ ನೋಟ ಬಿದ್ದಿರಬೇಕು. ಅದಾದ ಮೇಲೆ ಉದ್ದ ವಿಡಿಯೊದ ಜಾಹೀರಾತು ಹಣದಲ್ಲಿ ನೂರಕ್ಕೆ 55, ಶಾರ್ಟ್ಸಿನಲ್ಲಿ ಚಾನೆಲ್ಲಿನ ಲೆಕ್ಕಕ್ಕೆ ಬಂದದ್ದರಲ್ಲಿ ನೂರಕ್ಕೆ 45. ಇದೆಲ್ಲ ಸೇರುವುದು ಚಾನೆಲ್ಲಿನವನಿಗೆ. ಬಾರಿಸಿದವನು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅವನು ಈ ಹೊಲದ ಕೂಲಿಯೂ ಅಲ್ಲ. ಕೂಲಿಗಾದರೆ ಸಂಜೆಗೆ ದುಡ್ಡು ಸಿಗುತ್ತದೆ. ಇನ್ನೊಂದು ಕುತ್ತು ಇದೆ. ಹಳೆಯ ಧಾಟಿ ಎಲ್ಲರದೂ ಹೌದು. ಆದರೆ ಅದರ ಹೊಸ ರೆಕಾರ್ಡಿಂಗು ರೆಕಾರ್ಡು ಮಾಡಿಸಿದವರ ಸೊತ್ತು. ಒಂದು ಕಂಪನಿ ಅದನ್ನು ಯಂತ್ರದಲ್ಲಿ ದಾಖಲು ಮಾಡಿಸಿದ ಮೇಲೆ, ಅದನ್ನು ಹೋಲುವ ಹಾಡು ಹಾಕಿದ ಕೇರಿಯವನ ಮೇಲೇ ಕಾಪಿರೈಟ್ ತಕರಾರು ಬೀಳಬಹುದು. ಅಜ್ಜನ ಹಾಡಿಗೆ ಮೊಮ್ಮಗ ಕಳ್ಳ.

ಕಾನೂನು ಪೂರ್ತಿ ಕುರುಡಲ್ಲ. 1957ರ ಕಾಪಿರೈಟ್ ಕಾಯ್ದೆಗೆ 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಸೇರಿಸಿತು. ಪ್ರದರ್ಶಕ ಎಂದರೆ ಹಾಡುವವರು, ಬಾರಿಸುವವರು, ಕುಣಿಯುವವರು. ದೊಂಬರಾಟದವರು, ಹಾವಾಡಿಗರು ಕೂಡ ಆ ಪಟ್ಟಿಯಲ್ಲಿದ್ದಾರೆ. ಒಪ್ಪಿಗೆ ಇಲ್ಲದೆ ಅವರ ಪ್ರದರ್ಶನವನ್ನು ರೆಕಾರ್ಡು ಮಾಡುವಂತಿಲ್ಲ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ತಮ್ಮನ್ನು ಪ್ರದರ್ಶಕರೆಂದು ಗುರುತಿಸಬೇಕು ಎಂದು ಕೇಳುವ ಹಕ್ಕನ್ನೂ, ವ್ಯಾಪಾರಕ್ಕೆ ಬಳಸಿದರೆ ಗೌರವಧನದ ಹಕ್ಕನ್ನೂ ಕೊಟ್ಟಿತು. ಹೆಸರು ಕೇಳುವುದು ಬೇಡಿಕೊಳ್ಳುವುದಲ್ಲ, ಕಾನೂನು ಒಪ್ಪಿದ ಹಕ್ಕು. ಇದು ಕನ್ನಡದಲ್ಲಿ, ಒಂದು ಪುಟದಲ್ಲಿ, ಕೇರಿಯ ಗೋಡೆಯ ಮೇಲೆ ಬಂದಿದೆಯೇ?

ಕಮಲಾಪುರದ ಕೆಂಪು ಬಾಳೆ ಎಲ್ಲರಿಗೂ ಗೊತ್ತು. ಅದಕ್ಕೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ಬೇರೆ ಕಡೆ ಬೆಳೆದ ಹಣ್ಣನ್ನು ಕಮಲಾಪುರದ ಬಾಳೆ ಎಂದು ಮಾರುವಂತಿಲ್ಲ. ನಮಗೆ ಅದರ ಬಗ್ಗೆ ಹೆಮ್ಮೆ ಇದೆ. ಹಣ್ಣಿಗೆ ಊರಿನ ಹೆಸರು ಕಾಯಲು ಕಾನೂನು, ಕಚೇರಿ, ದಾಖಲೆ ಎಲ್ಲ ಇವೆ. ಅದೇ ನೆಲದಲ್ಲಿ ತಲೆಮಾರುಗಳಿಂದ ಹಲಗಿ ಬಾರಿಸಿದ ಕೈಗೆ ಒಂದು ಸಾಲಿನ ಹೆಸರೂ ಇಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಅಂಥ ಒಂದು ಹೆಸರು ಬೆಳಗಿತು ಎಂದು ಉಳಿದ ಹೆಸರುಗಳ ಕತ್ತಲೆಯನ್ನು ಮರೆಯಲಾಗದು.

ಇನ್ನು ಕೇರಿಯೊಳಗಿನ ಜಗಳ. ಹಿರಿಯರು ಹೇಳ್ತಾರ: 'ನಾವು ಹೊಡೆತ ತಿಂದು ಕೆಳಗಿಟ್ಟ ಹಲಗಿ ಇದು. ನೀವು ಲೈಕಿನ ಆಶಾಕ್ಕ ಮತ್ತ ಕೊರಳಾಗ ಹಾಕ್ಕೊಳ್ಳತ್ತೀರಿ.' ಈ ಮಾತನ್ನು ಹಳೇಕಾಲದ ಮಾತೆಂದು ತಳ್ಳುವ ಹಕ್ಕು ಯಾರಿಗೂ ಇಲ್ಲ. ಊರಿನ ಹೆಣದ ಮುಂದೆ ಬಾರಿಸುವುದನ್ನು ನಿಲ್ಲಿಸಲು ಅವರು ತೆತ್ತ ಬೆಲೆ ನಮ್ಮ ಓದಿನ ಫೀಜಿಗಿಂತ ದೊಡ್ಡದು. ಹುಡುಗರದೂ ನಿಜ. ಗೌಡರ ಬಾಗಿಲಿಗೆ ಹೋಗದೆ, ಯಾರ ಮುಂದೂ ಕೈಯೊಡ್ಡದೆ, ತನ್ನ ಅಂಗಳದಲ್ಲೇ ನಿಂತು ಬಾರಿಸಿ ಜಗತ್ತಿಗೆ ಕೇಳಿಸುವ ಅವಕಾಶ ಇವರ ಮುತ್ಯಾನಿಗೆ ಇರಲಿಲ್ಲ. ಎರಡೂ ಮಾತು ಕೂಡುವ ಜಾಗ ಒಂದಿದೆ. ಕರೆದವರಿಗೆ ಬರಂಗಿಲ್ಲ ಅನ್ನುವ ಶಕ್ತಿ ಹಿರಿಯರು ಗಳಿಸಿದ್ದು. ಆ ಶಕ್ತಿ ಇಟ್ಟುಕೊಂಡೇ ಹುಡುಗರು ಮೊಬೈಲಿನ ಮುಂದೆ ನಿಲ್ಲಬೇಕು. ಗೌಡನ ಕರೆ ಹೋಗಿ ವ್ಯೂಸಿನ ಕರೆ ಬಂದರೆ, ಏನು ಬಾರಿಸಬೇಕು, ಎಷ್ಟು ಬಾರಿಸಬೇಕು, ಯಾವಾಗ ನಗಬೇಕು ಎಂದು ಕಾಣದ ಯಂತ್ರ ಹೇಳತೊಡಗಿದರೆ, ಅದೂ ಬಿಟ್ಟಿಯೇ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭಜನಿ ಕಟ್ಟೆಯಲ್ಲಿ ಹಾಡುವ ಆಯಿ, ಚೌಡಿಕಿ ಹಿಡಿದ ಜೋಗತಿ, ನಾಟಿ ಮಾಡುತ್ತ ಪದ ಹೇಳುವ ಅವ್ವ, ಇವರನ್ನು ಕೇಳದೆ ಹಿಡಿದು ಹಾಕುವುದು ಸಾಮಾನ್ಯವಾಗಿದೆ. ಕೆಳಗೆ ಬರುವ ಹೊಲಸು ಮಾತುಗಳನ್ನು ಓದಬೇಕಾದವರು ಅವರ ಮಕ್ಕಳು. ಅವರು ಬ್ಯಾಡ ಅಂದರೆ ಅಲ್ಲಿಗೆ ಮುಗಿಯಬೇಕು.

ನಮ್ಮ ಓದುಗರಲ್ಲಿ ಹಳ್ಳಿಶಾಲೆಯ ಮಾಸ್ತರರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ, ಸಂಘಟನೆಯ ಗೆಳೆಯರಿದ್ದಾರೆ. ಅವರಿಗೆ ನಾಲ್ಕು ಮಾತು.

ಒಂದು, ಬಾರಿಸುವ ಮೊದಲು ಬಾರಿಸುವವರೇ ಬಾಯಿಬಿಟ್ಟು ತಮ್ಮ ಹೆಸರು, ಊರು ಹೇಳಲಿ. ನಡುವೆಯೂ ಒಮ್ಮೆ ಹೇಳಲಿ. ಕೆಳಗೆ ಬರೆದದ್ದನ್ನು ಅಳಿಸುವುದು ಸುಲಭ, ಹಾಡಿನೊಳಗೆ ಹೊಕ್ಕ ಹೆಸರನ್ನು ಕತ್ತರಿಸುವುದು ಕಷ್ಟ. ವಚನಕಾರರೂ ತತ್ವಪದಕಾರರೂ ಅಂಕಿತದಿಂದ ಮಾಡಿದ್ದು ಇದನ್ನೇ.

ಎರಡು, ಹೊರಗಿನವರು ರೆಕಾರ್ಡು ಮಾಡಲು ಬಂದರೆ ಒಂದು ಹಾಳೆಯ ಕರಾರು ಬರೆಸಿಕೊಳ್ಳಿ: ಯಾರು ಹಾಡಿದರು, ಎಲ್ಲಿ ಹಾಕುತ್ತೀರಿ, ದುಡ್ಡು ಬಂದರೆ ಯಾರಿಗೆಷ್ಟು. ಓದು ಬಾರದವರಿಗೆ ಆ ಹಾಳೆ ಓದಿ ಹೇಳುವುದು ಮಾಸ್ತರರ ಕೆಲಸ.

ಮೂರು, ತುಂಡು ವಿಡಿಯೊ ಹಾಕಿ, ಬೇಡ ಎನ್ನುವುದಿಲ್ಲ. ಅದು ಬಾಗಿಲು. ಬಾಗಿಲ ಹಿಂದೆ ಮನೆಯೂ ಇರಲಿ. ಇಡೀ ರಾತ್ರಿಯ ಸವಾಲು–ಜವಾಬನ್ನು, ಕೊನೆಯ ನುಡಿಯ ಸಮೇತ, ಪೂರ್ತಿ ಹಿಡಿದಿಡಿ. ಶಾಲೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಕೇರಿಯ ಸಂಘದಲ್ಲಿ ಒಂದು ಪ್ರತಿ ಇರಲಿ.

ನಾಲ್ಕು, ಚಾನೆಲ್ಲು ಒಬ್ಬನ ಹೆಸರಿನಲ್ಲಿ ಬೇಡ, ಮೇಳದ ಹೆಸರಿನಲ್ಲಿ ಇರಲಿ. ಲೆಕ್ಕದ ವಹಿ ಕೇರಿಯ ಕಟ್ಟೆಯ ಮೇಲೆ ತೆರೆದಿರಲಿ.

ಇಷ್ಟಾದ ಮೇಲೆ ಸಮತೋಲನದ ಮಾತಾಡೋಣ. ಅಲ್ಲಿಯವರೆಗೆ ಕಲಬುರಗಿಯ ಸಭೆಗಳಲ್ಲಿ ಆ ಮಾತು ಎತ್ತುವವರಿಗೆ ನಾವು ಒಂದೇ ಕೆಲಸ ಕೊಡುತ್ತೇವೆ. ನಿಮ್ಮ ಮೊಬೈಲಿನಲ್ಲಿರುವ ಹಲಗಿ ವಿಡಿಯೊ ತೆಗೆಯಿರಿ. ಬಾರಿಸುತ್ತಿರುವವರ ಹೆಸರು ಹೇಳಿ. ಗೊತ್ತಿಲ್ಲದಿದ್ದರೆ ಹುಮನಾಬಾದ ರಸ್ತೆಯಲ್ಲಿ ಕಮಲಾಪುರಕ್ಕೆ ಬಸ್ಸು ಇದೆ. ಬಂದು ಕೇಳಿಕೊಂಡು ಹೋಗಿ.